ಮೊಗೆಬಳ್ಳಿಗೆ ಬಂದು ಹೋಗುವವರು

ಭತ್ತ ಕೊಯ್ದ ಮೇಲೆ ಮಂಜಗುಣಿಯ ಕಡೆಯ ಗದ್ದೆಗಳಲ್ಲಿ, ಮರಳು ಬೆರೆತ ಹಿತ್ತಲುಗಳಲ್ಲಿ ಮೊಗೆ, ಸೌತೆ, ಹೀರೆ, ಹಾಗಲ, ಕಲ್ಲಂಗಡಿ ಬಳ್ಳಿಗಳು ಹಬ್ಬತೊಡಗುತ್ತವೆ. ಕೆಲವು ವರ್ಷ ಬಳ್ಳಿ ಸೊಂಪಾಗಿ ಬರುತ್ತದೆ, ಹೂವೂ ಕಣ್ತುಂಬ ಬಿಡುತ್ತದೆ, ಆದರೆ ಹೀಚು ಹೆಬ್ಬೆರಳಿನಷ್ಟಾಗುವ ಮೊದಲೇ ಹಳದಿಗೆ ತಿರುಗಿ ಮುರುಟಿ ಬೀಳುತ್ತದೆ. ದೃಷ್ಟಿ ತಾಗಿತು ಎನ್ನುವವರಿದ್ದಾರೆ. ಗೊಬ್ಬರ ಸಾಲಲಿಲ್ಲ ಎನ್ನುವವರಿದ್ದಾರೆ. ಪೇಟೆಗೆ ಹೋಗಿ ಔಷಧಿ ತಂದು ಹೊಡೆಯುವವರೂ ಇದ್ದಾರೆ. ಹಣ್ಣುನೊಣ ಚುಚ್ಚಿ ಕೆಟ್ಟಿದ್ದರೆ ಹೀಚಿನ ಮೇಲೆ ಚುಚ್ಚಿದ ಗುರುತಿರುತ್ತದೆ, ಸೀಳಿದರೆ ಒಳಗೆ ಹುಳ ಕಾಣುತ್ತದೆ. ಅದೇನೂ ಇಲ್ಲದೆ ಸುಮ್ಮನೆ ಒಣಗಿ ಬಿದ್ದಿದ್ದರೆ ಬಹಳಷ್ಟು ಸಲ ಕಾರಣ ಬೇರೆಯೇ. ಆ ಹೀಚಿನ ತುದಿಯಲ್ಲಿದ್ದ ಹೂವು ಅರಳಿ ಬಾಡುವುದರೊಳಗೆ ಅದರ ಬಳಿ ಬರಬೇಕಾದವರು ಬರಲಿಲ್ಲ. ಔಷಧಿ ಹೊಡೆದರೆ ನಾಳೆ ಬರಬೇಕಾದವರೂ ಬರುವುದಿಲ್ಲ.

ಮಂಜಗುಣಿ ಇರುವುದು ಗಂಗಾವಳಿ ನದಿ ಕಡಲು ಸೇರುವಲ್ಲಿ, ಬಡಗಣ ದಂಡೆಯ ಮೇಲೆ. ಘಟ್ಟದ ಮೇಲೆ ಬೇಡ್ತಿ ಎನಿಸಿಕೊಂಡ ಹೊಳೆ ಇಲ್ಲಿಗೆ ಬರುವಾಗ ಗಂಗಾವಳಿಯಾಗಿರುತ್ತದೆ. ಆಚೆ ದಂಡೆ ಕುಮಟಾ ತಾಲೂಕು, ಈಚೆ ಅಂಕೋಲಾ. ಕಡಲ ಮರಳು, ಉಪ್ಪುನೀರು ನುಗ್ಗುವ ಗಜನಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ತೆಂಗಿನ ಹಿತ್ತಲು, ಗೇರು-ಮಾವಿನ ಬೇಣ, ಎಲ್ಲವೂ ಈ ಭಾಗದಲ್ಲಿ ನಡೆದು ಮುಟ್ಟುವಷ್ಟು ಹತ್ತಿರ. ಪರಾಗಸ್ಪರ್ಶದ ಪಾಠ ಶಾಲೆಯ ಪುಸ್ತಕದಲ್ಲಿ ಒಂದು ಹೂವು, ಒಂದು ಜೇನುಹುಳದ ಚಿತ್ರದಲ್ಲಿ ಮುಗಿದುಹೋಗುತ್ತದೆ. ಇಂಥ ಊರಿನಲ್ಲಿ ಅದು ಅಷ್ಟಕ್ಕೆ ಮುಗಿಯುವುದಿಲ್ಲ. ಹೊತ್ತು ಬದಲಾದಂತೆ ಅರಳುವ ಹೂವು ಬೇರೆ, ಹೂವಿಗೆ ತಕ್ಕಂತೆ ಬರುವ ಜೀವ ಬೇರೆ. ಮನೆಮಂದಿ ಒಟ್ಟಿಗೆ ಕೂತು ಇದನ್ನು ನೋಡತೊಡಗಿದರೆ, ಈ ಜೀವಗಳಿಗಾಗಿ ಏನು ಮಾಡಬೇಕು ಅನ್ನುವುದಕ್ಕಿಂತ ಏನನ್ನು ಮಾಡದೆ ಬಿಡಬೇಕು ಅನ್ನುವುದು ಮೊದಲು ತಿಳಿಯುತ್ತದೆ.

ಮೊಗೆಬಳ್ಳಿಯಿಂದಲೇ ಶುರುಮಾಡಬಹುದು. ಸೌತೆ, ಮೊಗೆ, ಕುಂಬಳದ ಜಾತಿಯಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಬರೀ ತೆಳು ತೊಟ್ಟಿನ ಮೇಲೆ ನಿಂತದ್ದು ಗಂಡು, ಹೂವಿನ ಬುಡದಲ್ಲಿ ಪುಟ್ಟ ಕಾಯಿಯನ್ನು ಆಗಲೇ ಹೊತ್ತುಕೊಂಡದ್ದು ಹೆಣ್ಣು. ಆ ಪುಟ್ಟ ಕಾಯಿ ಕಂಡಕೂಡಲೇ ಕಾಯಿ ಕಚ್ಚಿತೆಂದು ನಾವು ಹಿಗ್ಗುತ್ತೇವೆ, ಆದರೆ ಅದಿನ್ನೂ ಗರ್ಭ ಕಟ್ಟದ ಅಂಡಾಶಯ. ಗಂಡುಹೂವಿನ ಪರಾಗ ಅಂಟಂಟು, ಗಾಳಿಗೆ ಹಾರುವಂಥದಲ್ಲ. ಯಾರಾದರೂ ಮೈಗೆ ಮೆತ್ತಿಕೊಂಡು ಹೊತ್ತು ತರಲೇಬೇಕು. ಒಮ್ಮೆ ಬಂದರೂ ಸಾಲದು. ಸೌತೆಯ ಒಂದು ಹೆಣ್ಣುಹೂವಿಗೆ ಎಂಟು-ಹತ್ತು ಸಲವಾದರೂ ಜೇನು ಬಂದು ಕೂತರೆ ಕಾಯಿ ನೇರವಾಗಿ, ತುಂಬಿಕೊಂಡು ಬೆಳೆಯುತ್ತದೆ. ಒಂದು ಬದಿ ಉಬ್ಬಿ ಇನ್ನೊಂದು ಬದಿ ಸೊಟ್ಟಗಾದ ಕಾಯಿಯನ್ನು ಸೀಳಿ ನೋಡಿ: ಸೊರಗಿದ ಕಡೆ ಬೀಜ ತುಂಬಿರುವುದಿಲ್ಲ. ಪರಾಗ ಅತ್ತ ಸಾಲಲಿಲ್ಲ ಎಂದು ಕಾಯಿಯೇ ಹೇಳುತ್ತದೆ.

ಮಕ್ಕಳಿರುವ ಮನೆಯಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಬಹುದು. ನಾಳೆ ಅರಳಲಿರುವ ಎರಡು ಹೆಣ್ಣುಮೊಗ್ಗುಗಳನ್ನು ಸಂಜೆಯೇ ಗುರುತು ಮಾಡಿ ಎರಡಕ್ಕೂ ತೆಳುಬಟ್ಟೆಯ ಚೀಲ ಕಟ್ಟಬೇಕು. ಬೆಳಗ್ಗೆ ಏಳರ ಸುಮಾರಿಗೆ ಒಂದು ಚೀಲ ಬಿಚ್ಚಿ, ಆಗಷ್ಟೇ ಅರಳಿದ ಗಂಡುಹೂವನ್ನು ಕಿತ್ತು, ಎಸಳು ಬಿಡಿಸಿ, ಒಳಗಿನ ಹಳದಿ ಹುಡಿಯನ್ನು ಹೆಣ್ಣುಹೂವಿನ ನಡುವಿಗೆ ಮೆಲ್ಲಗೆ ಸವರಿ ಮತ್ತೆ ಚೀಲ ಕಟ್ಟುವುದು. ಇನ್ನೊಂದನ್ನು ಮುಟ್ಟದೆ ಬಿಡುವುದು. ವಾರ ಕಳೆಯುವುದರೊಳಗೆ ಸವರಿದ್ದು ಬೆಳೆಯುತ್ತಿರುತ್ತದೆ, ಮುಟ್ಟದ್ದು ಉದುರಿರುತ್ತದೆ. ಮೂರನೆಯದೊಂದು ಹೂವಿಗೆ ಚೀಲ ಕಟ್ಟದೆ, ಪಕ್ಕದಲ್ಲಿ ಅರ್ಧ ಗಂಟೆ ಕೂತು ಬಂದವರ ಲೆಕ್ಕ ಬರೆದಿಟ್ಟರೆ ಇನ್ನೂ ಒಳ್ಳೆಯದು. ತುಡುವೆ ಜೇನು ಎಷ್ಟು ಸಲ, ಮಿಸರಿ ಜೇನು ಎಷ್ಟು ಸಲ, ಇರುವೆ ಬಂದಿತೋ, ಚಿಟ್ಟೆ ಬಂದಿತೋ ಎಂದು ನೋಡುತ್ತ ಕೂತ ಮಗು ಹುಳವೆಂದರೆ ಹೊಡೆಯಲು ಕೈ ಎತ್ತುವುದನ್ನು ತಾನಾಗಿಯೇ ಬಿಡುತ್ತದೆ. ಯಾವ ಉಪದೇಶಕ್ಕೂ ಆಗದ ಕೆಲಸ ಅದು.

ಹೀರೆಬಳ್ಳಿಗೆ ಬೆಳಗ್ಗೆ ಹೋದರೆ ಈ ಪರೀಕ್ಷೆ ನಡೆಯುವುದಿಲ್ಲ. ಹೀರೆ ಅರಳುವುದೇ ಸಂಜೆ. ಮಳೆಗಾಲದ ಮೋಡದಲ್ಲಿ ಹೊತ್ತು ತಿಳಿಯದ ದಿನ ಹೀರೆಹೂವು ನೋಡಿ ದೀಪ ಹಚ್ಚುವ ಹೊತ್ತಾಯಿತೆಂದು ಎದ್ದ ಹೆಂಗಸರು ನಮ್ಮ ಜಿಲ್ಲೆಯಲ್ಲಿದ್ದರು. ಸೋರೆ, ಪಡವಲದ ಬಿಳಿಹೂವುಗಳೂ ಸಂಜೆಯ ಮೇಲೆಯೇ ಬಿಚ್ಚಿಕೊಳ್ಳುತ್ತವೆ. ಕತ್ತಲಲ್ಲಿ ಬಿಳಿ ಎದ್ದು ಕಾಣುತ್ತದೆ, ಕಂಪೂ ಆ ಹೊತ್ತಿಗೇ. ಬರುವವರು ಪತಂಗಗಳು. ಹೂವಿನ ಮುಂದೆ ಗಾಳಿಯಲ್ಲೇ ನಿಂತು ಉದ್ದನೆಯ ಸೊಂಡಿಲನ್ನು ಒಳಗಿಳಿಸುವ ದೊಡ್ಡ ಪತಂಗವನ್ನು ಪಡವಲದ ಚಪ್ಪರದಡಿ ಒಮ್ಮೆ ನೋಡಿದವರು ಮರೆಯುವುದಿಲ್ಲ. ಅಂಗಳದಲ್ಲಿ ರಾತ್ರಿಯಿಡೀ ಬಿಳಿ ಎಲ್‌ಇಡಿ ದೀಪ ಉರಿಯುವ ಮನೆಗಳಲ್ಲಿ ಈ ಪತಂಗಗಳು ಹೂವು ಬಿಟ್ಟು ದೀಪವನ್ನೇ ಸುತ್ತುತ್ತವೆ, ಬೆಳಗಾದರೆ ಅದರ ಕೆಳಗೆ ಬಿದ್ದಿರುತ್ತವೆ. ಊಟ ಮುಗಿಸಿ ಮಲಗುವಾಗ ಹೊರಗಿನ ದೀಪ ಆರಿಸುವುದಕ್ಕೆ ಖರ್ಚೇನೂ ಇಲ್ಲ, ಕರೆಂಟು ಬಿಲ್ಲೂ ಇಳಿಯುತ್ತದೆ.

ಬದನೆ ಹೂವಿನ ಕತೆಯನ್ನಂತೂ ಹತ್ತಿರದಿಂದಲೇ ನೋಡಬೇಕು. ನೇರಳೆ ಎಸಳುಗಳ ನಡುವೆ ಹಳದಿ ಕೇಸರಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಪರಾಗ ಅವುಗಳ ಮೇಲೆ ಇರುವುದಿಲ್ಲ, ಒಳಗಿರುತ್ತದೆ. ಹೊರಬರಲು ಪ್ರತಿ ಕೇಸರದ ತುದಿಯಲ್ಲೊಂದು ಸಣ್ಣ ರಂಧ್ರ ಮಾತ್ರ. ತುಡುವೆ ಜೇನಿಗೆ ಇದನ್ನು ಅಲುಗಿಸುವ ವಿದ್ಯೆ ಇಲ್ಲ. ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಒಂಟಿ ಜೇನೊಂದು, ಇಲ್ಲವೇ ಮನೆಯ ತೊಲೆ ಕೊರೆಯುತ್ತದೆಂದು ನಾವು ಬೈಯುವ ದೊಡ್ಡ ಕರಿದುಂಬಿ ಬರಬೇಕು. ಅದು ಕೇಸರಗಳನ್ನು ಕಾಲಿನಿಂದ ಅವಚಿ ಹಿಡಿದು, ರೆಕ್ಕೆ ಬಡಿಯದೆಯೇ ಎದೆಯ ಸ್ನಾಯುಗಳನ್ನು ರಭಸದಿಂದ ನಡುಗಿಸುತ್ತದೆ. ಹಾರುವಾಗಿನ ಗುಂಯ್ ಸದ್ದು ಒಮ್ಮೆಲೇ ಕೀರಲಾಗುವುದು ಕಿವಿಗೆ ಕೇಳಿಸುತ್ತದೆ. ಆ ನಡುಕಕ್ಕೆ ಪರಾಗ ರಂಧ್ರದಿಂದ ಚಿಮ್ಮಿ ದುಂಬಿಯ ಹೊಟ್ಟೆಗೆ ಮೆತ್ತುತ್ತದೆ. ಬದನೆ ತನ್ನಷ್ಟಕ್ಕೇ ಗಾಳಿಯ ಅಲುಗಾಟಕ್ಕೂ ಸ್ವಲ್ಪ ಕಾಯಿ ಕಟ್ಟೀತು, ಟೊಮೆಟೊ ಕೂಡ. ಆದರೆ ದುಂಬಿ ಬಂದ ಗಿಡದ ಕಾಯಿಯ ತೂಕವೇ ಬೇರೆ. ಕರಿದುಂಬಿ ತೊಲೆಗೆ ಬರುವುದು ಬೇಡವೆಂದಾದರೆ ಹಿತ್ತಲ ಮೂಲೆಯಲ್ಲಿ ಒಣಗಿದ ಮರದ ತುಂಡೊಂದನ್ನು, ನಾಲ್ಕು ಬಿದಿರಿನ ಗಳುಗಳನ್ನು ಮಳೆ ತಾಗದಂತೆ ಇಟ್ಟುಬಿಡಬಹುದು. ಅದು ಅಲ್ಲಿ ಸಂಸಾರ ಹೂಡುತ್ತದೆ.

ಲೋಕದ ಲೆಕ್ಕವನ್ನೂ ಇಲ್ಲಿ ಹೇಳಿಬಿಡುತ್ತೇನೆ. ಜೀವವೈವಿಧ್ಯದ ಕುರಿತ ಅಂತರಸರ್ಕಾರಿ ವೇದಿಕೆ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಮುಖ್ಯ ಆಹಾರಬೆಳೆಗಳಲ್ಲಿ ನೂರಕ್ಕೆ 75ರಷ್ಟು ಒಂದಲ್ಲ ಒಂದು ಮಟ್ಟಿಗೆ ಪರಾಗ ಹೊರುವ ಪ್ರಾಣಿಗಳನ್ನು ನೆಚ್ಚಿಕೊಂಡಿವೆ. ಕಾಡು ಹೂಗಿಡಗಳಲ್ಲಿ ಈ ಪ್ರಮಾಣ 90ರ ಸಮೀಪ. ಭೂಮಿಯ ಮೇಲೆ ಜೇನಿನ ಬಗೆಗಳೇ 20 ಸಾವಿರ ಇವೆ. ಅವುಗಳಲ್ಲಿ ಗೂಡು ಕಟ್ಟಿ ತುಪ್ಪ ಕೂಡಿಡುವವು ಸಣ್ಣದೊಂದು ಪಾಲು ಮಾತ್ರ. ಉಳಿದವು ಹೆಚ್ಚಾಗಿ ಒಂಟಿ ಬಾಳಿನವು, ನೆಲದಲ್ಲೋ ಗೋಡೆಯ ಸಂದಿನಲ್ಲೋ ಟೊಳ್ಳು ಕಡ್ಡಿಯಲ್ಲೋ ಮೊಟ್ಟೆಯಿಟ್ಟು ಹೋಗುವವು.

ಅಂಕೋಲೆಯವರ ಹೆಮ್ಮೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತು. ತೆಳು ಸಿಪ್ಪೆ, ತುಂಬಿದ ತಿರುಳಿನ ಈ ಹಣ್ಣು ತಾಲೂಕಿನ ಗುರುತೇ ಆಗಿದೆ. ಇಷ್ಟು ಕೊಂಡಾಡುವ ಹಣ್ಣಿನ ಹೂವಿಗೆ ಬರುವವರು ಯಾರು ಎಂದು ಕೇಳಿದರೆ ಉತ್ತರಕ್ಕೆ ಹಲವರು ಮುಖ ಸಿಂಡರಿಸಿಯಾರು: ನೊಣಗಳು. ಜೇನೂ ಬರುತ್ತದೆ, ಮಿಸರಿ ಬರುತ್ತದೆ, ಇರುವೆಯೂ ಬರುತ್ತದೆ, ಆದರೆ ಮಾವಿನ ಹೂಗೊಂಚಲಿನ ಮೇಲೆ ಬಗೆಬಗೆಯ ನೊಣಗಳದೇ ಸಂತೆ. ಒಂದು ಗೊಂಚಲಿನಲ್ಲಿ ಸಾವಿರಕ್ಕೂ ಮಿಕ್ಕಿ ಹೂಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಗಂಡು, ಕೆಲವಷ್ಟೇ ದ್ವಿಲಿಂಗಿ, ಕೊನೆಗೆ ಹಣ್ಣಾಗುವುದು ಒಂದೋ ಎರಡೋ. ಆಸ್ಟ್ರೇಲಿಯಾದ ಕೆಲವು ಮಾವು ಬೆಳೆಗಾರರು ಹೂಬಿಡುವ ಕಾಲಕ್ಕೆ ಮೀನು, ಮಾಂಸದ ಚೂರುಗಳನ್ನು ತೋಟದಲ್ಲಿಟ್ಟು ನೊಣಗಳನ್ನು ಬೇಕೆಂದೇ ಕರೆಸಿಕೊಳ್ಳುತ್ತಾರೆ. ಒಣಮೀನಿನ ವಾಸನೆ ಗಾಳಿಯಲ್ಲೇ ಇರುವ ನಮ್ಮ ಕರಾವಳಿಗೆ ಅಂಥ ಉಪಾಯ ಬೇಕಾಗದು. ನಮಗೆ ಬೇಕಾದದ್ದು ಇನ್ನೊಂದು. ಮಾವು ಹೂತ ಹೊತ್ತಿಗೇ ಜಿಗಿಹುಳದ ಕಾಟವೂ ಶುರುವಾಗುತ್ತದೆ, ಔಷಧಿಯ ಪಂಪು ಹೊರಬರುವುದೂ ಆಗಲೇ. ಹೊಡೆಯಲೇಬೇಕಾಗಿ ಬಂದರೆ ಹೂಗೊಂಚಲು ಮೂಡುವಾಗ, ಹೂವು ಬಿರಿಯುವ ಮೊದಲೇ ಹೊಡೆದು ಮುಗಿಸಬೇಕು. ಅರಳಿದ ಮೇಲೆ ಕಾಯಿ ಕಚ್ಚುವವರೆಗೆ ಪಂಪು ಮೂಲೆಯಲ್ಲೇ ಇರಬೇಕು. ತೋಟಗಾರಿಕೆಯವರೂ ಇದನ್ನೇ ಹೇಳುತ್ತಾರೆ, ಕೇಳುವವರು ಕಡಿಮೆ.

ಜೇನಿನ ಮಾತಿಗೆ ಬಂದರೆ ಈ ಜಿಲ್ಲೆಗೆ ಒಂದು ದೊಡ್ಡ ಗಾಯದ ನೆನಪಿದೆ. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿತು. ಮರಿಹುಳಗಳು ಕೋಣೆಯೊಳಗೇ ನೀರು ತುಂಬಿದ ಚೀಲದಂತಾಗಿ ಸತ್ತವು. ಪೆಟ್ಟಿಗೆಯ ಕುಟುಂಬಗಳಲ್ಲಿ ಬಹುಪಾಲು ನಾಶವಾಗಿ, ಎಷ್ಟೋ ಮನೆಗಳ ಹಿಂದೆ ಖಾಲಿ ಪೆಟ್ಟಿಗೆಗಳು ಉಳಿದವು. ರೋಗ ತಡೆದು ಬದುಕಿದ ಕುಟುಂಬಗಳಿಂದ ಮತ್ತೆ ಸಂತತಿ ಬೆಳೆಯಿತು. ಶಿರಸಿ-ಸಿದ್ದಾಪುರದ ಕಡೆ ಜೇನುಸಾಕಣೆ ಮತ್ತೆ ಚಿಗುರಿತು. ಇಂದು ತೋಟಗಾರಿಕೆ ಇಲಾಖೆ ತರಬೇತಿ, ಸಹಾಯಧನ ಎರಡನ್ನೂ ಕೊಡುತ್ತದೆ. ಆದರೆ ಕರಾವಳಿಯಲ್ಲಿ ಪೆಟ್ಟಿಗೆ ಇಡುವವರು ಮಳೆಗಾಲವನ್ನು ಮೊದಲೇ ಯೋಚಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೂವೂ ಕಡಿಮೆ, ಹಾರಲು ಬಿಡುವೂ ಕಡಿಮೆ. ಬೇಸಿಗೆಯಲ್ಲಿ ಕೊನೆಯ ಹನಿಯವರೆಗೆ ತುಪ್ಪ ತೆಗೆದರೆ ಆಷಾಢದಲ್ಲಿ ಕುಟುಂಬ ಹಸಿದು ಗೂಡು ಬಿಟ್ಟು ಹೋಗುತ್ತದೆ.

ಪುಟ್ಟ ಮಕ್ಕಳ ಮನೆಗೆ ನನ್ನ ಕೇಳಿದರೆ ಮಿಸರಿಯೇ ಲೇಸು. ನೊಣಕ್ಕಿಂತ ಚಿಕ್ಕದು, ಕರ್ರಗಿರುತ್ತದೆ, ಚುಚ್ಚುವುದಿಲ್ಲ. ಹಳೆಯ ಚಿರೆಕಲ್ಲಿನ ಗೋಡೆಯ ಬಿರುಕಿನಿಂದ ಕಂದುಬಣ್ಣದ ಮೇಣದ ಕೊಳವೆಯೊಂದು ಹೊರಚಾಚಿದ್ದರೆ ಒಳಗೆ ಮಿಸರಿ ಇದೆ ಎಂದೇ ಅರ್ಥ. ಕೊಳವೆಯ ಬಾಯಲ್ಲಿ ಕಾವಲಿನವು ಸಾಲಾಗಿ ನಿಂತಿರುತ್ತವೆ. ಕಾಲಿಗೆ ಹಳದಿ ಪರಾಗದ ಉಂಡೆ ಕಟ್ಟಿಕೊಂಡು ಬಂದವು ಅವುಗಳ ನಡುವೆ ನುಸುಳಿ ಒಳಹೋಗುತ್ತವೆ. ಇದರ ತುಪ್ಪ ಸ್ವಲ್ಪವೇ ಸಿಗುವುದು, ಹುಳಿಮಿಶ್ರಿತ ಸಿಹಿ, ಮದ್ದಿಗೆಂದು ಹಿರಿಯರು ಜೋಪಾನ ಮಾಡುತ್ತಿದ್ದರು. ಹಳೆ ಮನೆ ಕೆಡವಿ ಹೊಸದು ಕಟ್ಟಿಸುವಾಗ ಗೋಡೆಯ ಜೊತೆ ಈ ಗೂಡುಗಳೂ ಜೆಸಿಬಿಯ ಬಾಯಿಗೆ ಹೋಗುತ್ತಿವೆ. ಕೆಡವುವ ಮುಂಚೆ ಒಂದು ದಿನ ಮೀಸಲಿಟ್ಟು, ತಿಳಿದವರನ್ನು ಕರೆಸಿ ಆ ಗೂಡನ್ನು ಮಡಕೆಗೋ ಬಿದಿರಿನ ಅಂಡೆಗೋ ಮರದ ಪೆಟ್ಟಿಗೆಗೋ ಇಳಿಸಿಕೊಂಡರೆ ಹೊಸ ಮನೆಯ ಜಗಲಿಯಲ್ಲೂ ಅದು ಬಾಳುತ್ತದೆ.

ಹೆಜ್ಜೇನು ಇಷ್ಟು ಸುಲಭದ ನೆಂಟನಲ್ಲ. ಎತ್ತರದ ಮರ, ನೀರಿನ ಟ್ಯಾಂಕು, ಸೇತುವೆಯ ಅಡಿ ಎಲ್ಲೆಂದರಲ್ಲಿ ತಟ್ಟಿ ಕಟ್ಟುತ್ತದೆ. ಕೆಣಕಿದರೆ ಜೀವಕ್ಕೇ ಅಪಾಯ, ಅದು ಸುಳ್ಳಲ್ಲ. ಹೆದರಿದ ಜನ ರಾತ್ರಿ ಬೆಂಕಿ ಹಿಡಿದು ಇಡೀ ತಟ್ಟಿಯನ್ನೇ ಸುಟ್ಟುಬಿಡುತ್ತಾರೆ. ಆದರೆ ಹೆಜ್ಜೇನು ಖಾಯಂ ನಿವಾಸಿಯಲ್ಲ, ಹೂವಿನ ಕಾಲ ಮುಗಿದರೆ ತಾನೇ ಎದ್ದು ಹೋಗುತ್ತದೆ. ಶಾಲೆಯ ಪಕ್ಕವೋ ಓಡಾಡುವ ದಾರಿಯೋ ಆಗಿದ್ದರೆ ಅರಣ್ಯ ಇಲಾಖೆಗೆ ತಿಳಿಸುವುದು ಸರಿ. ದೂರದ ಮರದಲ್ಲಿದ್ದರೆ ಅದರ ಪಾಡಿಗೆ ಬಿಡುವುದು ಸರಿ.

ಹೊಳೆಯ ದಂಡೆಗೆ ಇಳಿದರೆ ಇನ್ನೊಂದೇ ಲೋಕ. ಕಾಂಡ್ಲಾ ಕಾಡು ಮೀನುಮರಿಗಳ ತೊಟ್ಟಿಲು ಎಂದು ಮೀನುಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆ ಕಾಡಿಗೂ ಹೂವಿದೆ, ಹೂವಿಗೂ ಬರುವವರಿದ್ದಾರೆ ಅನ್ನುವುದು ಹೆಚ್ಚಾಗಿ ಗಮನಕ್ಕೆ ಬರುವುದಿಲ್ಲ. ಉಸಿರುಬೇರುಗಳನ್ನು ಕೆಸರಿನಿಂದ ಮೇಲೆತ್ತಿ ನಿಲ್ಲುವ ಜಾತಿಗಳಲ್ಲೊಂದರ ಸಣ್ಣ ಹಳದಿ ಹೂವಿಗೆ ಜೇನುಗಳು ಮುತ್ತುತ್ತವೆ. ಹೊಳೆಯಂಚಿನಲ್ಲಿ ಪೊದೆಗಟ್ಟುವ, ಎಲೆಯಂಚಿಗೆ ಮುಳ್ಳಿರುವ ಹೊಳೆಚುಳ್ಳಿಯ ನೀಲಿ ಹೂವಿಗೆ ಕರಿದುಂಬಿಯೂ ಸೂರಕ್ಕಿಯೂ ಬರುತ್ತವೆ. ಇನ್ನೊಂದು ಜಾತಿಯ ಕಾಂಡ್ಲಾದ ಹೂವು ಕತ್ತಲಾದ ಮೇಲೆ ಅರಳಿ, ಪೌಡರ್ ಬ್ರಷ್ಷಿನ ಹಾಗೆ ಕೇಸರಗಳನ್ನು ಕೆದರಿ ನಿಂತು, ಬೆಳಗಾಗುವುದರೊಳಗೆ ಉದುರಿಸಿಬಿಡುತ್ತದೆ. ಆ ಒಂದೇ ರಾತ್ರಿಯಲ್ಲಿ ಅದರ ಮಕರಂದ ಕುಡಿಯಲು ಬರುವವು ಪತಂಗಗಳು ಮತ್ತು ಬಾವಲಿಗಳು. ಮಕರಂದವನ್ನೇ ಉಂಡು ಬದುಕುವ ಗುಹೆಬಾವಲಿಗಳು ಒಂದು ರಾತ್ರಿಯಲ್ಲಿ ಮೈಲಿಗಟ್ಟಲೆ ಹಾರಿ ಮರದಿಂದ ಮರಕ್ಕೆ ಪರಾಗ ಸಾಗಿಸುತ್ತವೆ. ನಿಫಾ ಸುದ್ದಿ ಬಂದಾಗಲೆಲ್ಲ ಬಾವಲಿ ಕೂತ ಮರ ಕಡಿಯುವ, ಗೂಡಿಗೆ ಹೊಗೆ ಹಾಕುವ ಮಾತು ಕೇಳಿಬರುತ್ತದೆ. ಬಾವಲಿ ಕಚ್ಚಿದ ಹಣ್ಣು ತಿನ್ನದಿರುವುದು, ಹಣ್ಣು ತೊಳೆದು ತಿನ್ನುವುದು ಬೇಕಾದ ಎಚ್ಚರ. ಬಾವಲಿಗಳನ್ನು ಓಡಿಸುವುದರಿಂದ ರೋಗ ತಡೆಯಲಾಗದು, ಕಾಂಡ್ಲಾ ಬಡವಾಗುತ್ತದೆ. ಮಕ್ಕಳಿಗೆ ಈ ಗಿಡಗಳನ್ನು ಕೆಸರು ತುಳಿಯದೆ ತೋರಿಸಬೇಕೆಂದರೆ ಕಾರವಾರದಲ್ಲಿ ಕಾಳಿ ನದಿಯ ದಂಡೆಯ ಕಾಂಡ್ಲಾ ನಡುವೆ ಅರಣ್ಯ ಇಲಾಖೆ ಮಾಡಿದ ನಡೆದಾರಿ ಇದೆ. ಒಂದು ಭಾನುವಾರಕ್ಕೆ ಅದು ಸಾಕು.

ಚಿಟ್ಟೆಯ ವಿಷಯದಲ್ಲಿ ನಾವು ಹೂವನ್ನಷ್ಟೇ ನೋಡುತ್ತೇವೆ, ಎಲೆಯನ್ನು ಮರೆಯುತ್ತೇವೆ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂದು-ಬಿಳಿಯ ಸಣ್ಣ ಹುಳ ಕಂಡರೆ ಚಿವುಟಿ ಎಸೆಯುವುದು ರೂಢಿ. ಬಿಟ್ಟು ನೋಡಿದರೆ ಅದು ಕೆಲವು ದಿನಗಳಲ್ಲಿ ಪೊರೆ ಕಳಚಿ ಹಸಿರಾಗಿ, ಬೆರಳುದ್ದ ಬೆಳೆದು, ರೆಂಬೆಗೆ ನೂಲು ಬಿಗಿದುಕೊಂಡು ಕೋಶವಾಗಿ, ಕೊನೆಗೆ ರೆಕ್ಕೆಯಲ್ಲಿ ಬಿಳಿ ಚುಕ್ಕೆಯ ಸಾಲಿರುವ ಕಪ್ಪು ಚಿಟ್ಟೆಯಾಗಿ ಹೊರಬರುತ್ತದೆ. ಹುಳ ತಿಂದ ಎಲೆಯನ್ನು ಗಿಡ ಮತ್ತೆ ಚಿಗುರಿಸಿಕೊಳ್ಳುತ್ತದೆ. ಸಾಂಬಾರಿಗೆ ಒಂದು ಗಿಡ, ಹುಳಕ್ಕೆ ಒಂದು ಗಿಡ ಎಂದು ನೆಟ್ಟರೆ ಜಗಳವೇ ಇಲ್ಲ. ಎಕ್ಕದ ಗಿಡ ಕಿತ್ತೆಸೆಯದೆ ಬೇಲಿಯಂಚಿಗೆ ಉಳಿಸಿದರೆ ಅದನ್ನೇ ತಿಂದು ಬೆಳೆಯುವ ಕಿತ್ತಳೆ ಬಣ್ಣದ ಚಿಟ್ಟೆ ಬರುತ್ತದೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ದೊಡ್ಡ ರೆಕ್ಕೆಯ ಸಹ್ಯಾದ್ರಿಯ ಚೆಲುವೆಗೆ ಈಶ್ವರಬಳ್ಳಿಯ ಜಾತಿಯ ಎಲೆಯೇ ಬೇಕು, ಬೇರೆ ಯಾವ ಎಲೆಯನ್ನು ಕೊಟ್ಟರೂ ಅದರ ಮರಿ ಬದುಕದು. ಫೋನಿನಲ್ಲಿ ತೆಗೆದ ಚಿತ್ರದಿಂದ ಜಾತಿ ಗುರುತಿಸಲು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ಜಾಲತಾಣಗಳಿವೆ. ಅಂಕೋಲೆಯ ಹುಡುಗಿಯೊಬ್ಬಳು ಹಾಕಿದ ಚಿತ್ರಕ್ಕೆ ಬೆಂಗಳೂರಿನ ವಿಜ್ಞಾನಿ ಹೆಸರು ಹೇಳುವುದು ಈಗ ಆಗುವ ಮಾತೇ.

ಹಾಗಾದರೆ ಅಂಗಳ ಹೇಗಿರಬೇಕು? ಸೆಗಣಿ ಸಾರಿಸಿದ ಮಣ್ಣಿನ ಅಂಗಳ ಹೋಗಿ ಇಂಟರ್‌ಲಾಕ್ ಕಲ್ಲು ಬಂದಿದೆ, ಅದನ್ನು ಕಿತ್ತುಹಾಕಿ ಎಂದರೆ ಯಾರೂ ಕೇಳರು. ಹಿತ್ತಲಿನಲ್ಲಿ, ಬಿಸಿಲು ಬೀಳುವಲ್ಲಿ, ಒಂದು ಚಾಪೆಯಗಲದ ನೆಲವನ್ನು ಅಗೆಯದೆ, ಮುಚ್ಚದೆ, ನೀರು ನಿಲ್ಲದಂತೆ ಬಿಡುವುದು ಸಾಧ್ಯ. ನೆಲದಲ್ಲಿ ಬಿಲ ತೋಡುವ ಒಂಟಿ ಜೇನುಗಳಿಗೆ ಅಷ್ಟು ಸಾಕು. ದರಕನ್ನೆಲ್ಲ ಗುಡಿಸಿ ಬೆಂಕಿ ಕೊಡುವ ಬದಲು ಒಂದು ಪಾಲನ್ನು ಮರದ ಬುಡಕ್ಕೆ ರಾಶಿ ಹಾಕಬಹುದು. ತುಳಸಿಯ ಕದಿರನ್ನು ಎಲ್ಲವನ್ನೂ ಚಿವುಟದೆ ನಾಲ್ಕನ್ನು ಬಲಿಯಲು ಬಿಟ್ಟರೆ ಮಿಸರಿಗೂ ತುಡುವೆಗೂ ದಿನವಿಡೀ ಕೆಲಸ. ತುಂಬೆಯನ್ನೂ ಮುಟ್ಟಿದರೆ ಮುನಿಯನ್ನೂ ಕಳೆಯೆಂದು ಕಳೆನಾಶಕ ಹೊಡೆದು ಸುಡುವ ಮುಂಚೆ ಬೆಳಗ್ಗೆ ಒಮ್ಮೆ ಅವುಗಳ ಮೇಲೆ ಯಾರು ಕೂತಿದ್ದಾರೆಂದು ನೋಡಬೇಕು. ಎಸಳು ಕಿಕ್ಕಿರಿದ ಕಸಿ ದಾಸವಾಳ ಚೆಂದ, ಆದರೆ ಅದರಲ್ಲಿ ಹುಳಕ್ಕೆ ದಕ್ಕುವುದು ಕಡಿಮೆ. ಐದೆಸಳಿನ ನಾಟಿ ಕೆಂಪು ದಾಸವಾಳ, ಕೇಪಳ, ರತ್ನಗಂಧಿ ಇದ್ದರೆ ಸೂರಕ್ಕಿಯೂ ಚಿಟ್ಟೆಯೂ ಬರುತ್ತವೆ. ಜಾಗವಿದ್ದವರು ಸುರಗಿ ನೆಡಲಿ. ಹೂವು ಮಾರಿ ಕಾಸೂ ಆಗುತ್ತದೆ, ಹೂ ಬಿಟ್ಟ ದಿನಗಳಲ್ಲಿ ಮರದಡಿ ನಿಂತರೆ ಜೇನಿನ ಮೊರೆತ ಕೇಳುತ್ತದೆ. ಏಪ್ರಿಲ್ ಬಿಸಿಲಿಗೆ ಬಾವಿಕಟ್ಟೆಯ ಬಳಿ ತಟ್ಟೆಯಲ್ಲಿ ಕಲ್ಲುಹರಳು ಹರಡಿ ತೆಳುವಾಗಿ ನೀರಿಟ್ಟರೆ ಜೇನುಗಳು ಮುಳುಗದೆ ಕುಡಿದು ಹೋಗುತ್ತವೆ.

ಇವಿಷ್ಟನ್ನೂ ಮಾಡಿದ ಮನೆಯ ಪಕ್ಕದಲ್ಲೇ ಬೆಳಗ್ಗೆ ಒಂಬತ್ತಕ್ಕೆ ಯಾರೋ ಹೂಬಿಟ್ಟ ಬಳ್ಳಿಗೆ ಔಷಧಿ ಹೊಡೆದರೆ ಎಲ್ಲವೂ ನೀರಿನಲ್ಲಿ ಹೋಮ. ಜೇನು ಬೇಲಿ ನೋಡಿ ಹಾರುವುದಿಲ್ಲ. ಕಾಸರಗೋಡಿನ ಕನ್ನಡದ ಹಳ್ಳಿಗಳು ಇದನ್ನು ಅತ್ಯಂತ ಕ್ರೂರವಾಗಿ ಕಂಡಿವೆ. ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಜೇನು, ಚಿಟ್ಟೆ, ಕಪ್ಪೆ, ಮೀನು ಕಾಣೆಯಾದದ್ದನ್ನು ಜನ ಮೊದಲೇ ಗಮನಿಸಿದ್ದರು. ಮನುಷ್ಯರ ಮೇಲಿನ ಪರಿಣಾಮ ಲೋಕಕ್ಕೆ ತಿಳಿದದ್ದು ನಂತರ. ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ನಿಷೇಧಿಸಿದ್ದು 2011ರ ಮೇ ತಿಂಗಳಲ್ಲಿ. ಜೇನು ಇಲ್ಲವಾಯಿತು ಎಂದು ಹಳ್ಳಿಯವರು ಹೇಳಿದಾಗಲೇ ಕಿವಿಗೊಟ್ಟಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರೋ ಎಂಬ ಸಂಕಟ ಆ ಊರುಗಳಿಗೆ ಹೋದಾಗಲೆಲ್ಲ ನನ್ನನ್ನು ಬಿಡುವುದಿಲ್ಲ.

ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದುಡಿದು, ಯಾವ ಜಾತಿಯ ತಾಯಿಮರ ಎಲ್ಲಿದೆ, ಅದರ ಬೀಜ ಯಾವಾಗ ಆಯಬೇಕು ಎಂಬುದನ್ನು ಬಾಯಿಪಾಠದಂತೆ ಬಲ್ಲವರಾಗಿದ್ದರು. ಅದಕ್ಕೇ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂದದ್ದು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಅವರು ಆಯ್ದ ಪ್ರತಿ ಬೀಜದ ಹಿಂದೆ ಯಾವುದೋ ಹುಳ, ಹಕ್ಕಿ, ಬಾವಲಿಯ ಓಡಾಟವಿತ್ತು. ಬೀಜ ಬಲ್ಲವರ ಆ ತಿಳಿವಳಿಕೆ ಇಂದಿಗೂ ಹಾಲಕ್ಕಿ ಒಕ್ಕಲಿಗರ ಮನೆಗಳಲ್ಲಿ, ತರಕಾರಿ ಬೆಳೆದು ಪೇಟೆಗೆ ಹೊರುವ ಹೆಂಗಸರಲ್ಲಿ ಇದೆ. ಯಾವ ಮಾವಿಗೆ ಈ ವರ್ಷ ಹೂವು ತಡವಾಯಿತು, ಯಾವ ಬೇಣದಲ್ಲಿ ಜೇನು ಕಡಿಮೆಯಾಯಿತು ಎಂದು ಕೇಳಿದರೆ ಅವರಲ್ಲಿ ಉತ್ತರವಿರುತ್ತದೆ.

ಆ ಉತ್ತರಗಳನ್ನು ಬರೆದಿಡಲು ಜಾಗವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕ ಇಟ್ಟಿರಬೇಕು. ಅದರಲ್ಲಿ ಮರ, ಮೀನು, ಭತ್ತದ ತಳಿಗಳ ಹೆಸರುಗಳ ಜೊತೆ ಹೆಜ್ಜೇನು ವರ್ಷವರ್ಷವೂ ಕಟ್ಟುವ ಮರ ಯಾವುದು, ಮಿಸರಿ ಇರುವ ಗೋಡೆಗಳು ಎಷ್ಟು, ಇಶಾಡ ಹೂವು ಬಿಡತೊಡಗಿದ ವಾರ ಯಾವುದು ಎಂಬುದೂ ಸೇರಲಿ. ಶಾಲೆಯ ಮಕ್ಕಳು ಹಿತ್ತಲಲ್ಲಿ ಕೂತು ಬರೆದ ಲೆಕ್ಕವನ್ನು ತಂದು ಕೊಟ್ಟರೆ ಸಮಿತಿ ಅದನ್ನು ಸೇರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಮಾವು ಹೂಬಿಡುವ ಆ ಕೆಲವು ವಾರ ಹಗಲಿನಲ್ಲಿ ಯಾರೂ ಔಷಧಿ ಹೊಡೆಯಬಾರದು ಎಂದು ಕೇರಿಯವರು ಕೂತು ಒಪ್ಪಿಕೊಳ್ಳುವುದಕ್ಕೂ ಗ್ರಾಮಸಭೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಡಿಸೆಂಬರ್‌ಗೆ ಮುಂಚಿನ ಸಭೆಯಲ್ಲೇ ಆ ಮಾತು ಎತ್ತಬೇಕು, ಜನವರಿಯಲ್ಲಿ ಎತ್ತಿದರೆ ಹೂವು ಆಗಲೇ ಬಿರಿದಿರುತ್ತದೆ.